ಒಲೆ ಮೇಲಿನ ಬುರುಡೆ

ಬೀಜ ಚೆಲ್ಲಿ ಹದಿನೈದು ದಿನವಾಗಿತ್ತು. ನಮ್ಮೂರು ಶಾಗ್ಯದಲ್ಲಿ ಎಲ್ಲರ ಮೆಣಸಿನಕಾಯಿ ಸಸಿಮಡಿಯೂ ಹಸಿರು, ನನ್ನದು ಮಾತ್ರ ಬೋಳು. ಅಲ್ಲಲ್ಲಿ ತಲೆಯೆತ್ತಿದ್ದ ನಾಲ್ಕೈದು ಸಸಿಗಳೂ ಬುಡ ಕೊಳೆತು ಮಲಗಿದ್ದವು. ಪೇಟೆ ಬೀಜವಾಗಿದ್ದರೆ ಮಾರಿದವನ ಕೊರಳಪಟ್ಟಿ ಹಿಡಿಯುತ್ತಿದ್ದೆ. ಇದು ಅವ್ವ ಬಿಟ್ಟುಹೋದ ಬೀಜ. ಗಿಡ್ಡ ಕಾಯಿ, ಒಂದನ್ನು ಬಾಣಲೆಗೆ ಮುರಿದು ಹಾಕಿದರೆ ಬೀದಿಯವರೆಲ್ಲ ಸೀನಬೇಕು. ಊರಲ್ಲಿ ಬೇರೆ ಯಾರ ಹತ್ತಿರವೂ ಇಲ್ಲ. ಅವ್ವ ಬೀಜ ಕಾಪಿಡುತ್ತಿದ್ದ ಸೋರೆ ಬುರುಡೆಯಲ್ಲಿ ಉಳಿದಿದ್ದು ಒಂದು ಚಿಟಿಕೆ. ಅದೂ ಹುಟ್ಟದಿದ್ದರೆ ಮುಗಿಯಿತು.

ಪಕ್ಕದ ಮನೆಯ ದೊಡ್ಡಸಿದ್ದಯ್ಯನ ಬಾಗಿಲಿಗೆ ಹೋಗಿ ಕೂಗಾಡಿದೆ.

"ನಿನ್ ಕೋಳಿ ಕಾಲ್ ಮುರೀತೀನಿ ತಾತ! ಬೀಜನೆಲ್ಲಾ ತಿಂದಾಕವೆ."

ಆತ ಎಲೆಯಡಿಕೆ ಅಗಿಯುತ್ತಲೇ ಬಂದು ಮಡಿಯನ್ನು ನೋಡಿದ. "ಕೋಳಿ ಕೆದಕಿದ್ರೆ ಮಣ್ಣು ಇಂಗ್ ನುಣ್ಣಗಿರ್ತಿತ್ತೇನ್ಲಾ ಮಾದಾ? ಇನ್ನೊಂದ್ಸಲ ಮೊಟ್ಟೆ ಕೇಳ್ಕಂಡ್ ಬಾ, ಯೋಳ್ತೀನಿ ನಿಂಗೆ."

ಉಳಿದ ಬೀಜ ಕಟ್ಟಿಕೊಂಡು ಹನೂರಿನ ತೋಟಗಾರಿಕೆ ಕಚೇರಿಗೆ ಹೋದೆ. ಅಲ್ಲಿದ್ದ ಶ್ರುತಿ ಮೇಡಂ ಇದ್ದ ನೂರು ಬೀಜವನ್ನೂ ಎಣಿಸಿ, ಒದ್ದೆ ಕಾಗದದ ಮೇಲೆ ಸಾಲಾಗಿಟ್ಟು, ಡಬ್ಬಿ ಮುಚ್ಚಿ, ಹತ್ತು ದಿನ ಬಿಟ್ಟು ಬನ್ನಿ ಅಂದರು.

ಹೋದೆ. ಮುಚ್ಚಳ ತೆಗೆದರು. ಬೀಜದ ಮೇಲೆಲ್ಲ ಹಿಂಜಿದ ಹತ್ತಿಯಂಥ ಬೂಷ್ಟು, ಕೆಲವಕ್ಕೆ ಮಸಿ ಉದುರಿಸಿದಂಥ ಕಪ್ಪು. ಮೊಳೆತಿದ್ದು ಹನ್ನೊಂದು.

"ಇಲ್ಲಿ ಮಣ್ಣೇ ಇಲ್ಲ, ನೋಡಿ. ಬೂಷ್ಟು ಬೀಜದ ಜೊತೆಗೇ ಬಂದಿದೆ" ಅಂದರು.

"ನಮ್ಮವ್ವನ ಬೀಜಕ್ಕೆ ರೋಗ ಅಂತೀರಾ ಮೇಡಂ?" ನನ್ನ ದನಿ ಏರಿತು. ಆಚೆ ಕೂತಿದ್ದ ಗುಮಾಸ್ತ ತಲೆಯೆತ್ತಿದ.

"ಕಾಯಲ್ಲೇ ಒಂಚೂರು ಇರುತ್ತೆ. ತೇವ ಸಿಕ್ಕರೆ ಹಬ್ಬುತ್ತೆ, ಅಷ್ಟೆ. ಎಲ್ಲಿಟ್ಟಿದ್ರಿ?"

"ಒಲೆ ಮ್ಯಾಲೆ. ಅವ್ವ ತೂಗಾಕಿದ್ ಜಾಗ್ದಲ್ಲೇ. ಒಂದ್ ಗೇಣು ಅತ್ಲಾಗಿತ್ಲಾಗ್ ಸರಿಸಿಲ್ಲ."

"ಒಲೆ ದಿನಾ ಹಚ್ತೀರಾ?"

ಅವ್ವನ ತಿಥಿಯ ಅಡುಗೆಯಾದ ಮೇಲೆ ಆ ಒಲೆ ಉರಿದೇ ಇಲ್ಲ. ಒಂದೂವರೆ ವರ್ಷ. ಬೆಳಿಗ್ಗೆ ಹೋಟೆಲ್ ಇಡ್ಲಿ, ಸಂಜೆ ಪರೋಟ, ತೀರಾ ಬೇಜಾರಾದರೆ ಜಗುಲಿಯ ಗ್ಯಾಸಿನಲ್ಲಿ ಒಂದು ಮೊಟ್ಟೆ. ಒಬ್ಬನಿಗೆ ಯಾಕೆ ಒಲೆ ಅಂದುಕೊಂಡಿದ್ದೆ. ಬುರುಡೆಯನ್ನು ಮಾತ್ರ ಯಾರೂ ಮುಟ್ಟದ ಹಾಗೆ ಕಾದೆ. ಎರಡು ಮಳೆಗಾಲ ಅದು ತಣ್ಣನೆ ಬೂದಿಯ ಮೇಲೆ ನೇತಾಡಿದೆ. ಅವ್ವ ಅಲ್ಲಿ ಕಟ್ಟಿದ್ದು ಹೊಗೆಗೆ; ಇಷ್ಟು ತಿಳಿಯಲಿಲ್ಲವಲ್ಲ ನನಗೆ. ಬಸ್ಸಿನಲ್ಲಿ ಬರುವಾಗ ಯಾರನ್ನು ಬೈಯುವುದೆಂದೇ ಗೊತ್ತಾಗಲಿಲ್ಲ.

ಆ ಹನ್ನೊಂದು ಮೊಳಕೆಗಳನ್ನು ಮೇಡಂ ಹೊಸ ಮಣ್ಣಿನ ಟ್ರೇಯಲ್ಲಿ ನೆಟ್ಟು ಕೊಟ್ಟಿದ್ದರು. ಅದನ್ನು ಜಗುಲಿಯ ನೆರಳಲ್ಲಿಟ್ಟೆ. ಬುರುಡೆಯನ್ನು ಕುದಿನೀರಲ್ಲಿ ತೊಳೆದು, ಎರಡು ದಿನ ಬಿಸಿಲಿಗೆ ಒಣಗಿಸಿ, ಹಳೇ ಮೊಳೆಗೇ ನೇತುಹಾಕಿ ಒಲೆ ಹಚ್ಚಿದೆ.

ಹೆಂಚಿನ ಸಂದಿನಿಂದ ಹೊಗೆ ಎದ್ದಿದ್ದೇ ತಡ, ದೊಡ್ಡಸಿದ್ದಯ್ಯ ಬಾಗಿಲಲ್ಲಿ ಇಣುಕಿದ.

"ಯಾರ್ಲಾ ಬಂದವ್ರೆ ಮನೆಗೆ?"

"ಯಾರಿಲ್ಲ ತಾತ."

"ಮತ್ಯಾಕ್ಲಾ ಒಲೆ?"

"ಬುರುಡೆಗೆ."

ಆತ ಕತ್ತೆತ್ತಿ ನೋಡಿದ. "ಏನದೆ ಅದ್ರಲ್ಲಿ?"

"ಏನಿಲ್ಲ. ಗಿಡ ಕಾಯ್ ಬುಡಾಕೆ ಇನ್ನಾ ನಾಕ್ ತಿಂಗಳಾಯ್ತದೆ."

"ಬರೀ ಬುರುಡೆಗೆ ಸೌದೆ ಸುಡ್ತಾವ್ನೆ, ತರ್ಲೆ! ಒಲೆ ಅಚ್ಚಿದ್ಮ್ಯಾಲೆ ಒಂದ್ ಇಡಿ ಅನ್ನನಾರ ಇಡ್ಲಾ" ಅಂದವನು, ಎರಡು ಮೊಟ್ಟೆಯನ್ನು ಹೊಸಿಲ ಮೇಲಿಟ್ಟು ಹೊರಟುಹೋದ.

ಅಕ್ಕಿ ತೊಳೆಯುವಾಗ ಕೈ ಅಭ್ಯಾಸದಂತೆ ಇಬ್ಬರಿಗೆ ಹಾಕಿತ್ತು. ಅರ್ಧ ತೆಗೆದು, ಪಾತ್ರೆಯನ್ನು ಒಲೆಗಿಟ್ಟೆ.