ಮೂಳೆ ತೆಗೆದ ಮಾಂಸ

ಮೃಗಾಲಯದ ಅಡುಗೆಮನೆಯಲ್ಲಿ ಹದಿನೆಂಟು ವರ್ಷ ಚಾಕು ಹಿಡಿದ ಆ ಹೆಂಗಸನ್ನು ಎಲ್ಲರೂ ಮೇವಿನಕ್ಕ ಎಂದೇ ಕರೆಯುತ್ತಿದ್ದರು. ಜಿಂಕೆಯಿಂದ ಚಿರತೆಯವರೆಗೆ ಎಲ್ಲರ ಹೊಟ್ಟೆಯ ಉಸ್ತುವಾರಿ ಅವಳದೇ. ಯಾವ ಪ್ರಾಣಿಗೆ ಏನು, ಎಷ್ಟು ಎಂಬ ಪಟ್ಟಿ ಗೋಡೆಯ ಮೇಲಿತ್ತು. ಕೊಟ್ಟ ಮೇಲೆ ಅದರಲ್ಲಿ ಗುರುತು ಹಾಕಬೇಕು. ಅವಳು ಬೆಳಿಗ್ಗೆಯೇ ಎಲ್ಲಕ್ಕೂ ಒಟ್ಟಿಗೆ ಗುರುತು ಹಾಕಿ, "ಪಟ್ಟಿಗೇನು ಗೊತ್ತು ಹಸಿವು?" ಎಂದು ಕೆಲಸಕ್ಕೆ ಕೂರುತ್ತಿದ್ದಳು.

ತಾಯಿ ಹತ್ತಿರ ಸೇರಿಸದ ಚಿರತೆ ಮರಿಯೊಂದನ್ನು ಅವಳೇ ಬಾಟಲಿ ಹಾಲು ಕುಡಿಸಿ ಸಾಕಿದ್ದಳು. ಕಳ್ಳ ಎಂದು ಹೆಸರಿಟ್ಟಿದ್ದಳು. ಅವನ ಸಾಲಿನಲ್ಲಿ 'ಮೂಳೆಸಹಿತ ಹಸಿ ಕೋಳಿ' ಎಂದು ಬರೆದಿತ್ತು. ಮೇವಿನಕ್ಕ ಗುರುತು ಹಾಕುತ್ತಿದ್ದಳು. ಆಮೇಲೆ ಕೋಳಿಯ ಒಂದೊಂದು ಮೂಳೆಯನ್ನೂ ಬಿಡಿಸಿ, ಚೂರೂ ಉಳಿದಿಲ್ಲವೆಂದು ಬೆರಳಿನಿಂದ ತಡವಿ ನೋಡಿ, ಬರೀ ಮಾಂಸವನ್ನು ತಟ್ಟೆಗೆ ಹಾಕುತ್ತಿದ್ದಳು.

ಕಾರಣ ಅವಳೊಬ್ಬಳಿಗೇ ಗೊತ್ತಿತ್ತು. ಹೋದ ವರ್ಷ ಇಂಥದೇ ಇನ್ನೊಂದು ಮರಿ ಗಂಟಲಲ್ಲಿ ಮೂಳೆ ಸಿಕ್ಕಿಕೊಂಡು ಅವಳ ಮಡಿಲಲ್ಲೇ ಕಣ್ಣು ಮುಚ್ಚಿತ್ತು. ಎಳೆ ಹಲ್ಲಿಗೆ ಮೆತ್ತಗಿರಲಿ ಎಂದು ಆ ಮೂಳೆಯನ್ನು ಅವಳೇ ಬೇಯಿಸಿ ಕೊಟ್ಟಿದ್ದಳು. ಅದನ್ನು ಇವತ್ತಿನವರೆಗೂ ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ.

ಬಿಡಿಸಿದ ಮೂಳೆಗಳನ್ನು ಜಿಂಕೆಗಳ ಬೇಲಿಯ ಪಕ್ಕದ ಡಬ್ಬಕ್ಕೆ ಸುರಿಯುತ್ತಿದ್ದಳು. ಗಬ್ಬವಾಗಿದ್ದ ಜಿಂಕೆಯೊಂದು ಕುತ್ತಿಗೆ ಚಾಚಿ ಮೂಳೆ ಎಳೆದುಕೊಂಡು ಗಂಟೆಗಟ್ಟಲೆ ಕಡಿಯುತ್ತಿತ್ತು. "ಹುಲ್ಲು ತಿನ್ನೋಳ ಬಾಯಿಚಪಲ ನೋಡು," ಎಂದು ಅವಳು ನಗುತ್ತಿದ್ದಳು.

ಕಳ್ಳನಿಗೆ ಐದು ತಿಂಗಳಾಗಿದ್ದಾಗ ಒಂದು ಬೆಳಿಗ್ಗೆ ಅವನು ಏಳಲಿಲ್ಲ. ಮುಟ್ಟಿದರೆ ಕಿರುಚಿದ. ಮೇವಿನಕ್ಕ ಡಾಕ್ಟರನ್ನು ಕರೆತರಲು ಓಡಿದಳು. ಹೊಸದಾಗಿ ಬಂದಿದ್ದ ಡಾಕ್ಟರಮ್ಮ, ಅವಳ ಮಗಳ ವಯಸ್ಸಿನವಳು, ಎಕ್ಸ್‌ರೇ ಎತ್ತಿ ಹಿಡಿದು ಬಹಳ ಹೊತ್ತು ನೋಡಿದಳು.

"ಮೂಳೆ ಅನ್ನೋದು ನೆರಳಿನ ಹಾಗಿದೆ ಅಕ್ಕ. ಹಿಂಗಾಲಲ್ಲಿ ಎರಡು ಕಡೆ ಮುರಿದಿದೆ. ಊಟದಲ್ಲಿ ಏನಾದ್ರೂ ಹೆಚ್ಚುಕಮ್ಮಿ ಆಯ್ತಾ?"

"ಪಟ್ಟಿ ಪ್ರಕಾರಾನೇ ಕೊಟ್ಟಿದೀನಿ." ಮಾತು ತಾನಾಗಿ ಬಂದುಬಿಟ್ಟಿತು.

"ಹಾಗಾದ್ರೆ ಹುಟ್ಟಿನಿಂದ ಬಂದಿದ್ದೇ ಇರಬೇಕು. ವಾಸಿಯಾಗಲ್ಲ. ಸುಮ್ನೆ ನರಳಿಸೋದು ಬೇಡ, ಮಧ್ಯಾಹ್ನ ಇಂಜೆಕ್ಷನ್ ಕೊಟ್ಟು ಶಾಶ್ವತವಾಗಿ ಮಲಗಿಸಿಬಿಡಿ ಅಂತಿದಾರೆ ಮೇಲಿನವರು."

ಇಬ್ಬರೂ ಹೊರಗಿನ ನಲ್ಲಿಯಲ್ಲಿ ಕೈ ತೊಳೆಯುತ್ತ ನಿಂತರು. ಬೇಲಿಯಾಚೆ ಜಿಂಕೆ ಮೂಳೆ ಕಡಿಯುವ ಸದ್ದು ಕೇಳಿಸುತ್ತಿತ್ತು. ಡಾಕ್ಟರಮ್ಮ ಹುಬ್ಬು ಗಂಟಿಕ್ಕಿದಳು. "ಇದರ ಮೇವಲ್ಲಿ ಲವಣ ಸಾಲ್ತಿಲ್ಲ. ಹೊಟ್ಟೇಲಿರೋ ಮರಿಗೂ ಮೂಳೆ ಕಟ್ಟಬೇಕಲ್ಲ, ಹುಲ್ಲಲ್ಲಿ ಸಿಗದೇ ಇದ್ದದ್ದನ್ನ ಹೀಗೆ ಹುಡುಕ್ಕೊಳ್ತಿದೆ." ಆಮೇಲೆ ಡಬ್ಬದೊಳಕ್ಕೆ ಇಣುಕಿದಳು. "ಇಷ್ಟೊಂದು ಕೋಳಿ ಮೂಳೆ ಎಲ್ಲಿಂದ ಬಂತು?"

ಮೇವಿನಕ್ಕ ನಲ್ಲಿ ನಿಲ್ಲಿಸಿದಳು. ಈಗ ಹೇಳಿದರೆ ಅಡುಗೆಮನೆಯೂ ಕೈತಪ್ಪುತ್ತದೆ, ಕಳ್ಳನೂ ಕೈತಪ್ಪುತ್ತಾನೆ. ಸುಮ್ಮನಿದ್ದರೆ ಮಧ್ಯಾಹ್ನದ ಹೊತ್ತಿಗೆ ಅವನ ಜೀವವೇ ಇರುವುದಿಲ್ಲ. ಅವಳಿಗೆ ಹೆದರಿಕೆಗಿಂತ ನಾಚಿಕೆಯೇ ಹೆಚ್ಚಾಯಿತು.

"ಕಳ್ಳನ ತಟ್ಟೆಯದು," ಎಂದಳು. "ಒಂದು ದಿನಾನೂ ಅವನಿಗೆ ಮೂಳೆ ಕೊಟ್ಟಿಲ್ಲ." ಹೋದ ವರ್ಷದ ಮರಿಯ ಕತೆಯನ್ನೂ, ಬೇಯಿಸಿದ್ದನ್ನೂ, ಏನೂ ಬಿಡದೆ ಹೇಳಿದಳು.

ಡಾಕ್ಟರಮ್ಮ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. "ಬರೀ ಮಾಂಸದಲ್ಲಿ ಸುಣ್ಣದಂಶ ಇಲ್ಲವೇ ಇಲ್ಲ ಅನ್ನಿ. ಬೇಕಾದ್ದನ್ನ ಮೈ ತನ್ನ ಮೂಳೆಯಿಂದಲೇ ಕಿತ್ಕೊಳ್ಳುತ್ತೆ. ಬೇಯಿಸಿದ ಮೂಳೆ ಸೀಳಿ ಚುಚ್ಚುತ್ತೆ, ಹಸಿಯದು ಅಗಿದ್ರೆ ನುರಿದು ಹೋಗುತ್ತೆ. ಅಷ್ಟೇ ವ್ಯತ್ಯಾಸ ಅಕ್ಕ." ಕೈ ಒರೆಸಿಕೊಂಡು, "ಊಟದಿಂದ ಆದದ್ದಾದ್ರೆ ಉಳಿಸ್ಕೋಬಹುದು. ಇಂಜೆಕ್ಷನ್ ಬೇಡ ಅಂತ ಹೇಳಿ ಬರ್ತೀನಿ," ಎಂದು ಹೊರಟಳು.

ಕಳ್ಳನನ್ನು ಓಡಾಡಲು ಆಗದಂತೆ ಚಿಕ್ಕ ಗೂಡಿನಲ್ಲಿಟ್ಟು ಮೂಳೆಪುಡಿ ಬೆರೆಸಿದ ಮಾಂಸ ಹಾಕಿದರು. ಮೇವಿನಕ್ಕನ ಕೈಯಿಂದ ಚಾಕು ತೆಗೆದುಕೊಂಡು ಹುಲ್ಲಿನ ಕೊಟ್ಟಿಗೆಗೆ ಕಳಿಸಿದರು. ಅವಳು ಎದುರಾಡಲಿಲ್ಲ. ಜಿಂಕೆಗಳ ಮುಂದೆ ಲವಣದ ಗಟ್ಟಿ ಕಟ್ಟುವಾಗಲೆಲ್ಲ ಗಂಟು ಸರಿಯಿದೆಯೇ ಎಂದು ಎರಡೆರಡು ಸಲ ನೋಡುತ್ತಿದ್ದಳು.

ಎರಡು ತಿಂಗಳ ಮೇಲೆ ಡಾಕ್ಟರಮ್ಮ ಅವಳನ್ನು ಕರೆಸಿದಳು. ಮೂಳೆಸಹಿತ ಮಾಂಸವನ್ನು ಕಳ್ಳ ಬೇರೆ ಯಾರ ಕೈಯಿಂದಲೂ ಮುಟ್ಟುತ್ತಿರಲಿಲ್ಲ. "ನೀವೇ ಕೊಡಿ. ಕೊಟ್ಟು, ನಿಂತು ನೋಡಿ."

ಮೇವಿನಕ್ಕ ಹಸಿ ಕೋಳಿಯ ಕತ್ತನ್ನು ಕಂಬಿಯೊಳಗೆ ಚಾಚಿದಳು. ಕಟಕ್ ಎಂದಿತು. ಮತ್ತೆ ಕಟಕ್. ಕಣ್ಣು ಮುಚ್ಚಬಾರದೆಂದು ಕಂಬಿ ಹಿಡಿದು ನಿಂತಳು. ಕಳ್ಳ ನುಂಗಿದ. ತುಟಿ ನೆಕ್ಕಿಕೊಂಡ.

ಆಮೇಲೆ, ಅವಳೇ ಸೊಟ್ಟ ಮಾಡಿದ, ಇನ್ನೆಂದೂ ನೆಟ್ಟಗಾಗದ ಹಿಂಗಾಲುಗಳನ್ನು ಎಳೆದುಕೊಂಡು, ಇನ್ನೊಂದು ತುಂಡಿಗಾಗಿ ಅವಳ ಹತ್ತಿರವೇ ಬಂದ.