ಗುಂಡಿಯೊಳಗೆ ನಿಂತವನು

ಗರಗಸ ಮೂರನೆಯ ಸಲ ದಿಮ್ಮಿಯಲ್ಲಿ ಸಿಕ್ಕಿಕೊಂಡಿತು. ಭೀಮಶಾ ಹಿಡಿಕೆ ಬಿಟ್ಟು ಬೆವರು ಒರೆಸಿಕೊಂಡ. ಪಡಸಾಲೆಯಲ್ಲಿ ಅವನ ಅಪ್ಪ ಮಡೆಪ್ಪನ ಹೆಣವಿತ್ತು. ಚಿತೆಗೆಂದು ತಂದ ಹಸಿ ಬೇವಿನ ದಿಮ್ಮಿ ಅಂಗಳದಲ್ಲಿ ಅರ್ಧವೂ ತುಂಡಾಗಿರಲಿಲ್ಲ. ನಲವತ್ತು ವರ್ಷ ಮರ ಕೊಯ್ದವನ ಮನೆಯಲ್ಲಿ ಗರಗಸ ಎಳೆಯಲು ಬಲ್ಲವರು ಒಬ್ಬರೂ ಇರಲಿಲ್ಲ.

ಅಷ್ಟರಲ್ಲಿ ಹುಮನಾಬಾದಿನ ಬಸ್ಸಿಳಿದು ಮುನ್ನಿ ಬೀ ಬಂದಳು. ಹೆಣದ ಕಾಲ ಬಳಿ ತುಸು ಹೊತ್ತು ಕೂತಳು. ಆಮೇಲೆ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ ಗರಗಸಕ್ಕೆ ಕೈ ಹಾಕಿದಳು.

"ನೀವು ಬಿಡ್ರಿ ಚಾಚಿ," ಎಂದ ಭೀಮಶಾ. "ಮಂದಿ ಮಾತಾಡಿದ್ದು ಸಾಕಾಗ್ಯಾದ. ಇವತ್ತರ ಬ್ಯಾಡ."

ಮುನ್ನಿ ಬೀ ಕೈ ತೆಗೆದಳು. ಅವಳು ಮಡೆಪ್ಪನ ಜೊತೆ ಹದಿನೇಳು ವರ್ಷ ಒಂದೇ ಗರಗಸ ಎಳೆದವಳು. ಊರು ಅದಕ್ಕೆ ತನಗೆ ತೋಚಿದ ಅರ್ಥ ಹಚ್ಚಿತ್ತು. ಭೀಮಶಾ ಅದನ್ನು ಕೇಳುತ್ತಲೇ ಬೆಳೆದಿದ್ದ.

ತಾಯಿ ತುಳಜಾಬಾಯಿ ಅವನನ್ನು ಒಳಗೆ ಕರೆದಳು.

"ಆಕಿ ಗಂಡ ಸತ್ತಿದ್ದು ನಿಮ್ಮಪ್ಪನ ಕೈಲೆ, ತಮ್ಮಾ," ಎಂದಳು.

* * *

ಹೊಳೆದಂಡೆಯಲ್ಲಿ ಮಡೆಪ್ಪ ದುಡಿಯುತ್ತಿದ್ದ ಮರ ಕೊಯ್ಯುವ ಅಡ್ಡೆಯನ್ನು ಸಾಹುಕಾರ ಮಹಾರುದ್ರಪ್ಪನ ಅಜ್ಜ ಹಾಕಿ ಆಗಲೇ ನೂರು ವರ್ಷದ ಹತ್ತಿರವಾಗಿತ್ತು. ಅಲ್ಲಿ ಮಷೀನಿರಲಿಲ್ಲ. ಗುಂಡಿಯ ಮೇಲೆ ದಿಮ್ಮಿ ಅಡ್ಡ ಹಾಕಿ, ಮೇಲೊಬ್ಬ, ಗುಂಡಿಯೊಳಗೊಬ್ಬ ನಿಂತು ಉದ್ದನೆಯ ಗರಗಸ ಎಳೆಯಬೇಕಿತ್ತು. ಕಲ್ಯಾಣದ ಎಷ್ಟೋ ಮನೆಗಳ ತೊಲೆ, ಬಾಗಿಲು ಅಲ್ಲೇ ಕೊಯ್ದವು. 1961ರ ಮಳೆಗಾಲದಲ್ಲಿ ಮಡೆಪ್ಪ ಗಡಿಬಿಡಿಯಲ್ಲಿ, ದಿಮ್ಮಿಯೊಂದು ಉರುಳದಂತೆ ಕೊಟ್ಟಿದ್ದ ಬೆಣೆ ತೆಗೆದ. ದಿಮ್ಮಿ ಉರುಳಿ, ಗುಂಡಿಯೊಳಗಿದ್ದ ಮುನ್ನಿ ಬೀಯ ಗಂಡ ಲಾಡ್ಲೇಸಾಬನ ಮೇಲೆ ಬಿತ್ತು. ಯಾರೂ ಕಂಡಿರಲಿಲ್ಲ. ಮಳೆಗೆ ಜಾರಿತು ಎಂದೇ ಎಲ್ಲರೂ ತಿಳಿದರು.

ಮೂರನೆಯ ದಿನ ಮಡೆಪ್ಪ ಹೆಂಡತಿಯನ್ನು ಕರೆದುಕೊಂಡು ಹೋಗಿ ಮುನ್ನಿ ಬೀಯ ಮುಂದೆ ನಿಜ ಹೇಳಿದ. ಪೊಲೀಸರಿಗೂ ತಾನೇ ಹೇಳುತ್ತೇನೆ ಎಂದ.

"ನೀವು ಜೇಲಿಗಿ ಹೋದ್ರ ಎರಡೂ ಮನಿ ಮಕ್ಕಳು ಉಪವಾಸ ಬೀಳ್ತಾವ," ಎಂದಳು ಮುನ್ನಿ ಬೀ. "ನಮ್ಮವರ ಜಾಗಾದಾಗ ನಾ ನಿಂದರ್ತೀನಿ. ಕೆಲಸ ಕಲಸ್ರಿ. ಈ ಮಾತು ಇಲ್ಲೇ ಇರಲಿ."

ಹೆಂಗಸು ಮರ ಕೊಯ್ಯುವುದಕ್ಕೆ ಮಹಾರುದ್ರಪ್ಪ ಒಪ್ಪಲಿಲ್ಲ. ಆಕೆ ಇಲ್ಲದೆ ತಾನೂ ಬರುವುದಿಲ್ಲವೆಂದು ಮಡೆಪ್ಪ ಎಂಟು ದಿನ ಮನೆಯಲ್ಲೇ ಕೂತ. ಸಾಹುಕಾರ ಸೋತ. ಆದರೆ ಮುನ್ನಿ ಬೀ ಕೇಳಿದ ಜಾಗವನ್ನು ಮಡೆಪ್ಪ ಅವಳಿಗೆ ಕೊಡಲಿಲ್ಲ. ಅವಳನ್ನು ಮೇಲೆ ನಿಲ್ಲಿಸಿ ತಾನು ಗುಂಡಿಗಿಳಿದ. ಹುಮನಾಬಾದಿಗೆ ಮರ ಕೊಯ್ಯುವ ಆರಾ ಮಷೀನು ಬಂದು ಅಡ್ಡೆ ಮುಚ್ಚುವವರೆಗೂ ದಿಮ್ಮಿಯ ಅಡಿಗೆ ನಿಂತದ್ದು ಅವನೇ.

* * *

ಭೀಮಶಾ ಅಂಗಳಕ್ಕೆ ಬಂದಾಗ ಮುನ್ನಿ ಬೀ ಗೋಡೆಗೆ ಒರಗಿ ಕೂತಿದ್ದಳು.

"ಮಂದಿ ಅಷ್ಟಂದ್ರೂ ನೀವ್ಯಾಕ ಹೇಳಲಿಲ್ರಿ ಚಾಚಿ?"

"ಮಡೆಪ್ಪಣ್ಣ ಹೇಳ್ತೀನಂತಿದ್ರು. ನಾನೇ ಬ್ಯಾಡಂದೆ," ಎಂದಳು. "ನೀ ಸಣ್ಣಾವ ಇದ್ದಿ. ಖೂನಿ ಮಾಡಿದವನ ಮಗ ಅಂತ ನಿನಗ ಅಂತಿದ್ರು."

ಅವನು ಗರಗಸದ ಒಂದು ಹಿಡಿಕೆಯನ್ನು ಅವಳತ್ತ ತಿರುಗಿಸಿ ದಿಮ್ಮಿಯ ಆಚೆ ಕೂತ. ಇಬ್ಬರೂ ಸೇರಿ ಅದನ್ನು ಕೊಯ್ದು ಮುಗಿಸುವಾಗ ಮಧ್ಯಾಹ್ನವಾಗಿತ್ತು.

ಹೆಣ ಎತ್ತುವ ಮುಂಚೆ ಮನೆಯವರು ಬಾಯಿಗೆ ನೀರು ಬಿಡಬೇಕು. ಹಿರಿಯರು ಭೀಮಶಾನ ಕೈಗೆ ತಂಬಿಗೆ ಕೊಟ್ಟರು. ಅವನು ಅದನ್ನು ಹಿಡಿದುಕೊಂಡು ಮಂದಿಯ ನಡುವೆ ಹಾದು ಹೋಗಿ ಮುನ್ನಿ ಬೀಯನ್ನು ಕರೆತಂದ. ಯಾರೋ ಕೆಮ್ಮಿದರು. ತುಳಜಾಬಾಯಿ ಸರಿದು ಜಾಗ ಮಾಡಿಕೊಟ್ಟಳು.

ಮುನ್ನಿ ಬೀ ಬಿಟ್ಟ ನೀರು ಬಾಯೊಳಗೆ ನಿಲ್ಲದೆ ಗದ್ದದತ್ತ ಹರಿಯಿತು. ಅಷ್ಟೂ ಜನರೆದುರು ಅವಳು ಬಗ್ಗಿ, ತನ್ನ ಸೆರಗಿನ ತುದಿಯಿಂದ ಅದನ್ನು ಮೆಲ್ಲಗೆ ಒರೆಸಿದಳು.