ಉತ್ತರಕ್ಕೆ ಬಿಟ್ಟ ಜಾಗ

ಕಡ್ಡಿಗೆ ಹತ್ತಿ ಸುತ್ತಿ, ಸ್ಪಿರಿಟ್‌ನಲ್ಲಿ ಅದ್ದಿ, ಟೇಪ್ ರೆಕಾರ್ಡರಿನಲ್ಲಿ ಟೇಪು ತಾಗಿ ಓಡುವ ಹೆಡ್ಡನ್ನು ಒರೆಸಿದೆ. ಹತ್ತಿಗೆ ಕಂದು ಬಣ್ಣ ಹತ್ತಿತು. ಇನ್ನೊಂದು ಕಡ್ಡಿ ಮಾಡಿಕೊಂಡು, ಹತ್ತಿ ಬೆಳ್ಳಗೇ ಉಳಿಯುವ ತನಕ ಒರೆಸಿದೆ. ಆಮೇಲೆ ರೈಲು ಹಳಿಗಳ ಕಡೆಗಿನ ಕಿಟಕಿ ಮುಚ್ಚಿ ಅದರ ಮೇಲೆ ಜಮಖಾನೆ ಇಳಿಬಿಟ್ಟೆ. ಗೋಡೆಯ ಗಡಿಯಾರವನ್ನು ಇಳಿಸಿ ಪಕ್ಕದ ಕೋಣೆಗೆ ಒಯ್ದು ಹಾಸಿಗೆಯ ಮೇಲೆ ಮಲಗಿಸಿ ದಿಂಬು ಮುಚ್ಚಿದೆ. ಫ್ಯಾನ್ ನಿಲ್ಲಿಸಿದೆ. ಕೊನೆಯಲ್ಲಿ ಅಭ್ಯಾಸದಿಂದ ಕೈಯ ಗಾಜಿನ ಬಳೆಗಳನ್ನು ತೆಗೆಯಲು ಹೋದವಳು, ಈ ದಿನ ಅದು ಬೇಕಿಲ್ಲವೆಂದು ನೆನಪಾಗಿ ಹಾಗೇ ಬಿಟ್ಟೆ.

ಅಂದು ಮೈಕಿನ ಎದುರಿನ ಸ್ಟೂಲಿನ ಮೇಲೆ ಕೂರಬೇಕಾದವಳು ಸುಂದ್ರವ್ವ. ನಮ್ಮ ಮನೆಯ ಪಾತ್ರೆ ತೊಳೆಯಲು ಧಾರಾವಿಯಿಂದ ಬರುವವಳು. ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ, ಸ್ಟೂಲನ್ನೂ ಮೈಕನ್ನೂ ನೋಡುತ್ತಿದ್ದಳು.

ನಾನು ಸಯನ್‌ಗೆ ಬಂದದ್ದು ಅಮ್ಮ ತೀರಿಕೊಂಡ ವರ್ಷ. ತಿಪಟೂರಿನಲ್ಲಿ ಎಂಟನೇ ತರಗತಿ ಅರ್ಧಕ್ಕೇ ನಿಂತಿತ್ತು. ಕೇಶವಮೂರ್ತಿ ಮಾವ ಅಮ್ಮನ ಅಣ್ಣ, ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವವರು. ಅವರ ಮಗಳು ಮದುವೆಯಾಗಿ ಪೂನಾಕ್ಕೆ ಹೋಗಿದ್ದಳು. ಸುಬ್ಬಲಕ್ಷ್ಮಿ ಅತ್ತೆಗೆ ಮೊಣಕಾಲು ನೋವು. ಮನೆಗೆ ಒಬ್ಬರು ಬೇಕಾಗಿತ್ತು, ನನಗೆ ಒಂದು ಮನೆ ಬೇಕಾಗಿತ್ತು. ಯಾರೂ ಯಾರ ಮೇಲೂ ದಯೆ ತೋರಿಸುತ್ತಿದ್ದೇವೆ ಎಂದುಕೊಳ್ಳದೆ ದಿನ ಕಳೆಯುತ್ತಿದ್ದೆವು.

ಐದಾರು ವರ್ಷ ಕಳೆದ ಮೇಲೆ ವಿಶ್ವವಿದ್ಯಾಲಯದವರು, ಹಗಲು ದುಡಿಯುವವರಿಗಾಗಿ ಅಂಚೆಯ ಮೂಲಕ ಬಿ.ಎ. ಕಲಿಸಲು ಶುರು ಮಾಡಿದರು. ಅಚ್ಚು ಹಾಕಿಸಿದ ಪಾಠಗಳ ಜೊತೆಗೆ ಕ್ಯಾಸೆಟ್ಟುಗಳನ್ನೂ ಕಳಿಸಬೇಕೆಂಬುದು ಹೊಸ ಯೋಚನೆ. ಕನ್ನಡದ ಅರ್ಥಶಾಸ್ತ್ರ ಪಾಠಗಳನ್ನು ಮಾವನಿಗೆ ಒಪ್ಪಿಸಿದರು. ಭಾನುವಾರಗಳಲ್ಲಿ ಹತ್ತಿರದ ಒಂದು ಶಾಲೆಯಲ್ಲಿ ವಿದ್ಯಾರ್ಥಿಗಳನ್ನು ಮುಖತಃ ಕಂಡು ಸಂದೇಹ ಬಿಡಿಸುವ ಕೆಲಸವೂ ಅವರದೇ.

ಮೊದಲ ಕ್ಯಾಸೆಟ್ಟನ್ನು ಮಾವ ಕಾಲೇಜಿನಲ್ಲಿ ಪಾಠ ಮಾಡುವಂತೆಯೇ ಮಾಡಿದರು. ಕೋಣೆಯ ಬಾಗಿಲು ಹಾಕಿಕೊಂಡು, ಮಗಳ ಹಳೆಯ ಬೋರ್ಡನ್ನು ಗೋಡೆಗೆ ಒರಗಿಸಿ, ನಿಂತುಕೊಂಡು ಮಾತಾಡಿದರು. ಸಂಜೆ ನಮಗೆ ಹಾಕಿ ಕೇಳಿಸಿದರು. ‘ಇಲ್ಲಿ ನೋಡಿ, ಬೆಲೆ ಇಳಿದು ಬೇಡಿಕೆ ಏರಿದಂತೆ ಈ ರೇಖೆ ಹೀಗೆ ಕೆಳಗೆ ಬರುತ್ತದೆ, ಇಲ್ಲಿಂದ ಇಲ್ಲಿಗೆ’ ಎಂದಿತು ಕ್ಯಾಸೆಟ್ಟಿನೊಳಗಿನ ಮಾವನ ದನಿ. ಹಿಂದೆಯೇ ಚಾಕ್‌ಪೀಸು ಕಿರ್ ಎಂದಿತು.

ಅತ್ತೆ ಹುರುಳಿಕಾಯಿಯ ನಾರು ತೆಗೆಯುತ್ತಿದ್ದವರು ತಲೆ ಎತ್ತಿದರು. “ಎಲ್ಲಿ ನೋಡ್ಬೇಕ್ರೀ? ಟೇಪ್ ರೆಕಾರ್ಡರ್ ಒಳಗೆ ಬಗ್ಗಿ ನೋಡ್ಬೇಕಾ?”

ಮಾವ ಕ್ಯಾಸೆಟ್ಟು ನಿಲ್ಲಿಸಿದರು.

“ಚಾಕ್‌ಪೀಸು ಮಾತ್ರ ತುಂಬಾ ಚೆನ್ನಾಗಿ ಪಾಠ ಮಾಡಿದೆ,” ಅತ್ತೆ ಮತ್ತೆ ಹುರುಳಿಕಾಯಿಗೆ ಬಗ್ಗಿದರು.

ಆ ಯಂತ್ರದ ಎದುರು ಮಾವನಿಗೆ ಮಾತು ಬರುತ್ತಿರಲಿಲ್ಲ. ಬೋರ್ಡು ಬಿಟ್ಟರೆ ಪುಸ್ತಕ ಓದಿದಂತಾಗುತ್ತಿತ್ತು. ಪುಸ್ತಕ ಬಿಟ್ಟರೆ ಗಂಟಲು ಕೆರೆಯುತ್ತಿತ್ತು. ಒಂದು ಮಧ್ಯಾಹ್ನ ನನ್ನನ್ನು ಕರೆದು ಸ್ಟೂಲಿನ ಮೇಲೆ ಕೂರಿಸಿದರು.

“ನೀನು ಏನೂ ಮಾತಾಡ್ಬೇಡ, ಶಾಮಲಾ. ಸುಮ್ನೆ ಕೇಳ್ತಾ ಕೂತ್ಕೋ. ನನಗೆ ಒಂದು ಮುಖ ಬೇಕು, ಅಷ್ಟೇ.”

ಹಾಗೆ ಶುರುವಾಯಿತು. ಲೋಕಲ್ಲುಗಳ ಓಡಾಟ ಸ್ವಲ್ಪ ತೆಳುವಾಗುವ ಮಧ್ಯಾಹ್ನದ ಹೊತ್ತು ನಮ್ಮ ಹೊತ್ತಾಯಿತು. ಅತ್ತೆ ಕುಕ್ಕರ್ ಇಡುವಂತಿರಲಿಲ್ಲ. “ಇವರ ಅರ್ಥಶಾಸ್ತ್ರಕ್ಕೆ ನಮ್ಮನೆ ಬೇಳೆ ಬೇಯೋದೇ ನಿಂತೋಯ್ತು,” ಎಂದು ಕೆಳಗಿನ ಮಹಡಿಯವರಿಗೆ ಹೇಳುತ್ತಿದ್ದರು. ರೈಲು ಬಂದರೆ ಮಾವ ಬೆರಳೆತ್ತಿ ಸುಮ್ಮನಾಗುವರು, ಹೋದ ಮೇಲೆ ಹಿಂದಿನ ವಾಕ್ಯದಿಂದ ಮತ್ತೆ ಹಿಡಿಯುವರು.

ಅವರು ನನ್ನ ಮುಖವನ್ನು ಅಷ್ಟು ಗಮನವಿಟ್ಟು ನೋಡುತ್ತಿದ್ದರು. ಅಮ್ಮನನ್ನು ಬಿಟ್ಟರೆ ನನ್ನನ್ನು ಹಾಗೆ ಯಾರೂ ನೋಡಿರಲಿಲ್ಲ. ನನ್ನ ಕಣ್ಣು ಸ್ವಲ್ಪ ಅತ್ತ ಹೋದರೆ ಮಾತಿನ ವೇಗ ಬದಲಾಗುತ್ತಿತ್ತು. ನನಗೆ ತಿಳಿಯದ ಮಾತು ಬಂದರೆ ಅದನ್ನು ಬಿಟ್ಟು, ಸಯನ್ ಮಾರ್ಕೆಟ್ಟಿನ ಟೊಮೇಟೊ, ಧಾರಾವಿಯ ಚರ್ಮದ ಬೆಲ್ಟು, ಅತ್ತೆಯ ಕುಕ್ಕರ್ ಏನಾದರೂ ಹಿಡಿದುಕೊಂಡು ಮತ್ತೆ ಬರುತ್ತಿದ್ದರು. ಒಂದು ಸಲ ರೆಕಾರ್ಡಿಂಗ್ ನಡೆಯುತ್ತಿರುವಾಗಲೇ, “ಯಾಕೆ, ಹುಬ್ಬು ಗಂಟಾಯ್ತಲ್ಲ? ಸರಿ, ಇನ್ನೊಂದು ಸಲ ಹೇಳ್ತೀನಿ,” ಎಂದುಬಿಟ್ಟರು. ಆಮೇಲೆ ಕೇಳಿ, ಅದನ್ನು ಅಳಿಸದೆ ಹಾಗೇ ಇಟ್ಟರು.

ಇನ್ನೊಂದು ಸಲ ನನ್ನನ್ನೇ ಪ್ರಶ್ನೆ ಕೇಳಿದರು. ಮೈಕು ಕಂಡರೇ ನನಗೆ ಅಂಜಿಕೆ. ಉತ್ತರ ಗೊತ್ತಿತ್ತು, ಆದರೆ ಬಾಯಿ ಬಿಡಲಾಗಲಿಲ್ಲ. ಮಾವ ಕಾದರು. ನಾನು ಕಾಲಿನ ಬೆರಳು ನೋಡುತ್ತ ಕೂತೆ. ಕ್ಯಾಸೆಟ್ಟು ಸುಮ್ಮನೆ ತಿರುಗಿತು. ಕೊನೆಗೆ ಅವರೇ ಉತ್ತರ ಹೇಳಿ ಮುಂದೆ ಹೋದರು. ಆ ಮೌನವೂ ಕ್ಯಾಸೆಟ್ಟಿನಲ್ಲಿ ಹೋಯಿತು.

ಒಂದು ಭಾನುವಾರ ನಾನು ಶಾಲೆಗೆ ಚಹಾದ ಫ್ಲಾಸ್ಕು ಒಯ್ದಿದ್ದೆ. ಮಕ್ಕಳ ಗಿಡ್ಡ ಬೆಂಚುಗಳಲ್ಲಿ ದೊಡ್ಡವರು ಮೊಣಕಾಲು ಮಡಚಿಕೊಂಡು ಕೂತಿದ್ದರು. ಅವರಲ್ಲಿ ವಡಾಲದ ಗೋಡೌನಿನಲ್ಲಿ ಕಾವಲು ಕಾಯುವ ರಾಮಪ್ಪ ಎದ್ದು ನಿಂತು ಹೇಳಿದ:

“ಸರ್, ಆ ಪಾಠದಾಗ ನೀವು ಪ್ರಶ್ನೆ ಕೇಳಿ ಸುಮ್ಮ ಇರ್ತೀರಲ್ರೀ, ಅದು ಭಾಳ ಚಲೋ ಐತ್ರಿ. ಆವಾಗ ನಾ ಖೋಲಿಯಾಗ ಒಬ್ಬನ ಕುಂತು ಜೋರಾಗಿ ಉತ್ತರ ಹೇಳ್ತೀನ್ರಿ. ಬಾಜೂ ಖೋಲಿಯವ್ರು ನನಗ ಹುಚ್ಚು ಹಿಡದೈತಿ ಅಂತಾರ.”

ಎಲ್ಲರೂ ನಕ್ಕರು. “ಹುಬ್ಬು ಗಂಟಾಯ್ತಲ್ಲ ಅಂತ ಕೇಳಿದ್ರಿ ನೋಡ್ರಿ,” ಎಂದ ಅವನು, “ಗಾಬರಿ ಆಗಿ ಹಣಿ ಮುಟ್ಟಿ ನೋಡ್ಕೊಂಡೆ. ಇವರಿಗೆ ಇಲ್ಲಿತನ ಹ್ಯಾಂಗ ಕಾಣ್ತದ ಅಂತ.”

ಮಾವ ಅಂದು ಮನೆಗೆ ಬರುವ ದಾರಿಯಲ್ಲಿ ರಾಮಪ್ಪನ ಮಾತನ್ನೇ ಮತ್ತೆ ಮತ್ತೆ ಹೇಳಿಕೊಂಡರು. ಅಷ್ಟು ಸಂತೋಷವಾಗಿತ್ತು ಅವರಿಗೆ. ಆ ಮೇಲೆ ಪ್ರತಿ ಪಾಠದಲ್ಲೂ ಪ್ರಶ್ನೆ ಕೇಳಿ, ಒಂದು ಬೆರಳು ಮೇಲೆತ್ತಿ, ಸ್ವಲ್ಪ ಹೊತ್ತು ಖಾಲಿ ಬಿಡುವುದನ್ನು ರೂಢಿ ಮಾಡಿದರು. ‘ಇದು ವಿದ್ಯಾರ್ಥಿಯ ಜಾಗ. ಇಲ್ಲಿ ನಾವು ಯಾರೂ ಉಸಿರೆತ್ತಬಾರದು’ ಎನ್ನುತ್ತಿದ್ದರು. ಬೆರಳು ಮೇಲಿರುವಾಗ ಅತ್ತೆ ಕೆಮ್ಮನ್ನೂ ನುಂಗಿಕೊಳ್ಳುತ್ತಿದ್ದರು.

ಅದೇ ಭಾನುವಾರ ಚಹಾ ಕುಡಿಯುತ್ತ ರಾಮಪ್ಪ ನನ್ನನ್ನು ಕೇಳಿದ್ದ. “ನೀವೂ ಇದ ಕೋರ್ಸ್ ಏನ್ರಿ, ತಂಗೆವ್ವ?”

“ಇಲ್ಲ. ನಂದು ಎಸ್ಸೆಸ್ಸೆಲ್ಸಿ ಆಗಿಲ್ಲ.”

“ನಂದೆಲ್ಲಿ ಆಗೈತಿ? ಆರನೇತ್ತಾಗ ಸಾಲಿ ಬಿಟ್ಟಾಂವ ನಾ. ಹೊಸಾ ರೂಲ್ ಬಂದೈತಲ್ಲ. ಓದಾಕ ಬರಿಯಾಕ ಬರ್ತದ ಅಂತ ಸರ್ ಸಹಿ ಹಾಕಿ ಕೊಟ್ರ ಒಂದು ಪರೀಕ್ಷಾ ಇಡ್ತಾರ. ಅದು ಪಾಸಾದ್ರ ಸಾಕು. ಸಹಿ ಹಾಕೋರು ನಿಮ್ಮ ಮನ್ಯಾಗ ಅದಾರ, ನೀವು ಇಲ್ಲಿ ಚಾ ಹಾಕ್ಕೋತ ನಿಂತೀರಿ.”

ಮಾವ ಬೇರೆಯವರ ಅರ್ಜಿಗಳಿಗೆ ಸಹಿ ಹಾಕುವುದನ್ನು ನಾನು ನೋಡಿದ್ದೆ. ಅದು ನನಗೂ ಆಗುತ್ತದೆಂದು ಹೊಳೆದಿರಲಿಲ್ಲ. ಹೇಳಲು ಬಾಯಿ ಬರಲು ಬಹಳ ದಿನ ಹಿಡಿಯಿತು. ಊಟಕ್ಕೆ ಬಡಿಸುವಾಗ ಕೇಳಿದೆ. ಕೈಯಲ್ಲಿ ಸಾರಿನ ಸೌಟಿದ್ದರೆ ನನಗೆ ಸ್ವಲ್ಪ ಧೈರ್ಯ.

ಮಾವ ನಕ್ಕರು. “ನೀನು ಓದಿಬಿಟ್ರೆ ನಾನು ಯಾರ ಮುಖ ನೋಡ್ಕೊಂಡು ಪಾಠ ಮಾಡ್ಲಿ? ಗೊತ್ತಿರೋರ ಮುಖ ನೋಡಿದ್ರೆ ಮತ್ತೆ ಬೋರ್ಡಿನ ಪಾಠ ಆಗೋಗುತ್ತೆ. ಎರಡನೇ ವರ್ಷದ ಕ್ಯಾಸೆಟ್ ಮುಗೀಲಿ. ಆಮೇಲೆ ನೀನೇ ಮೊದಲ್ನೇ ವಿದ್ಯಾರ್ಥಿನಿ.”

“ಓದ್ಲಿ ಬಿಡ್ರೀ ಪಾಪ,” ಎಂದರು ಅತ್ತೆ.

“ಓದ್ಬೇಡ ಅಂದ್ನಾ? ಮುಂದಿನ ವರ್ಷ ಅಂದೆ.”

ಅವರು ಅದನ್ನು ಪ್ರೀತಿಯಿಂದಲೇ ಹೇಳಿದರು. ನಾನು ಇನ್ನೊಂದು ಸೌಟು ಸಾರು ಹಾಕಿದೆ. ಅಲ್ಲಿಗೆ ಆ ಮಾತು ಮುಗಿಯಿತು. ಮರುದಿನ ಅಚ್ಚಾದ ಪಾಠಗಳ ಕಟ್ಟನ್ನು ಮಾವ ಪೇಪರಿನಲ್ಲಿ ಸುತ್ತಿ ಬೀರುವಿನ ಮೇಲಿಟ್ಟರು. “ಮೊದಲೇ ಓದ್ಕೋಬೇಡಮ್ಮ, ಮುಖದಲ್ಲಿ ಗೊತ್ತಾಗುತ್ತೆ,” ಎಂದರು. ಧೂಳು ಒರೆಸಲು ಅದನ್ನು ಎಷ್ಟೋ ಸಲ ಕೆಳಗಿಳಿಸಿದ್ದೇನೆ. ಒಂದು ಸಲವೂ ಬಿಚ್ಚಲಿಲ್ಲ. ಹಾಗೆ ಬಿಚ್ಚದೆ ಇದ್ದುದಕ್ಕೆ ಈಗ ಸಂಕಟವಾಗುತ್ತದೆ. ಆಗ ಹಾಗನಿಸಲಿಲ್ಲ. ಆ ಮಧ್ಯಾಹ್ನಗಳು ನನಗೆ ಬೇಕಾಗಿದ್ದವು. ನನ್ನ ಒಂದು ಹುಬ್ಬಿಗೆ ಒಂದು ಪಾಠವೇ ತಿರುಗುತ್ತಿತ್ತು.

ಆದರೆ ಕೇಳಿ ಕೇಳಿ ತಿಳಿಯದೆ ಇರುತ್ತದೆಯೇ. ಎರಡನೇ ವರ್ಷದ ಪಾಠಗಳಲ್ಲಿ ಮಾವ ಅರ್ಧ ಹೇಳುವಷ್ಟರಲ್ಲಿ ಉಳಿದರ್ಧ ನನ್ನ ಮನಸ್ಸಿನಲ್ಲಿ ಬಂದುಬಿಡುತ್ತಿತ್ತು. ಬೆಲೆಗಳೆಲ್ಲ ಒಟ್ಟಿಗೆ ಏರುವುದರ ಬಗ್ಗೆ ಹೇಳುತ್ತಿದ್ದ ದಿನ ನನಗೆ ಗೊತ್ತಿಲ್ಲದೆಯೇ ತಲೆಯಾಡಿಸಿದೆ, ಅವರು ವಾಕ್ಯ ಮುಗಿಸುವ ಮೊದಲೇ. ಮಾವ ರೆಕಾರ್ಡರ್ ನಿಲ್ಲಿಸಿದರು.

“ನಿನಗೆ ಗೊತ್ತಾಗೋಯ್ತು, ಅಲ್ವಾ?”

“ಹೂಂ, ಮಾವ.” ಅವರು ಮೆಚ್ಚುತ್ತಾರೆ ಎಂದುಕೊಂಡಿದ್ದೆ.

ಅವರು ಕನ್ನಡಕ ತೆಗೆದು ಪಂಚೆಯಂಚಿನಲ್ಲಿ ಒರೆಸಿದರು. “ಅದಕ್ಕೇ ಪಾಠದಲ್ಲಿ ನಾನು ಓಡ್ತಾ ಇದ್ದೀನಿ ಈಚೆಗೆ. ಹಳೇ ಪಾಠದ ಹಾಗೆ ಬರ್ತಾ ಇಲ್ಲ.” ಆಮೇಲೆ ಅಡುಗೆಮನೆಯತ್ತ ತಿರುಗಿ, “ಲಕ್ಷ್ಮೀ, ಆ ಸುಂದ್ರವ್ವ ಎಷ್ಟು ಹೊತ್ತಿಗೆ ಬರ್ತಾಳೆ?” ಎಂದು ಕೇಳಿದರು.

ಇನ್ನು ನನ್ನ ಮುಖ ಬೇಕಿಲ್ಲ, ಈಗ ಓದಬಹುದಲ್ಲ ಎಂದು ನಾನು ಕಾದೆ. ಅವರಾಗಿ ಆ ಮಾತು ಎತ್ತಲಿಲ್ಲ. ಅವರಿಗೆ ಮರೆತೇ ಹೋಗಿತ್ತು. ರಾಮಪ್ಪನ ಕೈಯಲ್ಲಿ ಅರ್ಜಿ ತರಿಸಿ, ತುಂಬಿ, ಸಹಿಯ ಜಾಗ ಬಿಟ್ಟು, ಸುಂದ್ರವ್ವ ಸ್ಟೂಲಿಗೆ ಬರಬೇಕಾದ ದಿನ ಬೆಳಿಗ್ಗೆ ಅವರ ಮೇಜಿನ ಮೇಲೆ ಕಣ್ಣಿಗೆ ಬೀಳುವಂತೆ ಇಟ್ಟಿದ್ದೆ. ಮರುದಿನ ಅವರು ಎಲ್ಲರ ಅರ್ಜಿಗಳನ್ನು ವಿಶ್ವವಿದ್ಯಾಲಯದ ಕೇಂದ್ರಕ್ಕೆ ಒಯ್ಯುವವರಿದ್ದರು. ಅದೇ ಕೊನೆಯ ದಿನ.

ಮಾವ ಬಂದು ಕುರ್ಚಿಯಲ್ಲಿ ಕೂತರು. ಮೈಕಿನ ಸ್ಟ್ಯಾಂಡು ಅಲ್ಲಾಡುತ್ತಿತ್ತು. ಸುತ್ತ ನೋಡಿ, ಎದುರಿಗಿದ್ದ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಸ್ಟ್ಯಾಂಡಿನ ಕಾಲಿನ ಕೆಳಗೆ ತೂರಿಸಿದರು. ಸ್ಟ್ಯಾಂಡು ನಿಂತಿತು.

“ಬಾರಮ್ಮ ಸುಂದ್ರವ್ವ, ಕೂತ್ಕೋ.”

“ನಾ ಏನ್ ಮಾಡ್ಲಿ ಸಾಹೇಬ್ರ ಇಲ್ಲಿ ಕುಂತು? ನನಗೇನ್ ತಿಳೀತದ ನಿಮ್ಮ ಸಾಲಿ?”

“ತಿಳೀದೆ ಇದ್ರೇನೇ ಒಳ್ಳೇದು. ಮಾತಾಡ್ಬೇಡ, ಕೇಳ್ತಾ ಕೂತಿರು.”

“ಮಾತಾಡಬ್ಯಾಡ ಅಂದ್ರ ನನಗ ಕೆಮ್ಮು ಬರ್ತದ್ರಿ.”

ಅತ್ತೆ ಬಾಯಿಗೆ ಸೆರಗು ಹಿಡಿದು ಒಳಗೆ ಹೋದರು. ನಾನು ಬಾಗಿಲ ಹತ್ತಿರ ಗೋಡೆಗೆ ಒರಗಿ ನಿಂತೆ. ಮಾವ ಗುಂಡಿ ಒತ್ತಿದರು.

ಪಾಠ, ಒಂದನ್ನು ಆರಿಸಿಕೊಂಡಾಗ ಬಿಟ್ಟುಕೊಡಬೇಕಾಗುವ ಇನ್ನೊಂದರ ಬಗ್ಗೆ. ಮಾವ ಸುಂದ್ರವ್ವನ ಮುಖ ನೋಡುತ್ತ ನಿಧಾನವಾಗಿ ಶುರು ಮಾಡಿದರು. ದನಿ ಮೊದಲಿನಂತಾಗಿತ್ತು. ಆ ದನಿ ನನಗೆ ಎಷ್ಟು ಪರಿಚಯವೋ ಅಷ್ಟು ದೂರದಲ್ಲಿತ್ತು.

“ಈ ಮಧ್ಯಾಹ್ನ ನೀವು ಇಲ್ಲಿ ಕೂತಿದ್ದೀರಿ. ಇಲ್ಲಿ ಕೂರದೆ ಇದ್ದಿದ್ರೆ ಏನು ಮಾಡ್ತಿದ್ರಿ?”

“ಮೂರನೇ ಮಾಳಿಗಿ ಬಾಯಾರ ಮನಿ ಭಾಂಡೆ ತಿಕ್ಕತಿದ್ದೆ,” ಎಂದುಬಿಟ್ಟಳು ಸುಂದ್ರವ್ವ. ಕೂಡಲೇ ನಾಲಿಗೆ ಕಚ್ಚಿಕೊಂಡಳು.

ಮಾವನ ಕಣ್ಣು ಹೊಳೆಯಿತು. ಅವರು ನಿಲ್ಲಿಸಲಿಲ್ಲ. “ಹಾಗಾದ್ರೆ ಇಲ್ಲಿ ಕೂತಿರೋದಕ್ಕೆ ನೀವು ಕೊಟ್ಟ ಬೆಲೆ ಅದೇ. ಆ ಕೆಲಸ. ಬೆಲೆ ಅಂದ್ರೆ ಕೈಯಿಂದ ಹೋದ ಕಾಸು ಮಾತ್ರ ಅಲ್ಲ. ಮಾಡಬಹುದಾಗಿದ್ದು, ಆದರೆ ಮಾಡದೆ ಬಿಟ್ಟದ್ದು, ಅದು ಕೂಡ ಬೆಲೇನೇ. ಈಗ ನೀವು, ಈ ಕ್ಯಾಸೆಟ್ ಕೇಳ್ತಾ ಇರೋರು, ಒಂದು ಕ್ಷಣ ಯೋಚನೆ ಮಾಡಿ. ಈ ಎರಡು ವರ್ಷದಲ್ಲಿ ಏನನ್ನ ಆರಿಸಿಕೊಂಡ್ರಿ? ಅದಕ್ಕಾಗಿ ಏನನ್ನ ಬಿಟ್ಟುಕೊಟ್ರಿ? ಜೋರಾಗಿ ಹೇಳಿ.”

ಬೆರಳು ಮೇಲೆ ಹೋಯಿತು.

ಒಳಗೆ ಅತ್ತೆ ಅಲುಗಾಡಲಿಲ್ಲ. ಹಳಿಗಳ ಮೇಲೂ ಯಾವ ರೈಲೂ ಇರಲಿಲ್ಲ. ಮೈಕಿನ ಕಾಲಿನ ಕೆಳಗಿಂದ ನನ್ನ ಅರ್ಜಿಯ ಮೂಲೆಯೊಂದು ಹೊರಗೆ ಬಂದಿತ್ತು. ಅದರಲ್ಲಿ ನನ್ನ ಕೈಬರಹದ ಒಂದು ಅಕ್ಷರ ಕಾಣುತ್ತಿತ್ತು. ಸೌಟು ಹಿಡಿದ ದಿನ ಇನ್ನೊಂದು ಮಾತು ಹೇಳಬೇಕಾಗಿತ್ತು, ತಲೆಯಾಡಿಸಿದ ದಿನ ಹೇಳಬೇಕಾಗಿತ್ತು, ಬೆಳಿಗ್ಗೆ ಕಾಗದವನ್ನು ಮೇಜಿನ ಮೇಲೆ ಇಡುವ ಬದಲು ಕೈಗೇ ಕೊಡಬೇಕಾಗಿತ್ತು ಅನ್ನಿಸಿತು. ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದೆ. ತೆಗೆಯದೆ ಬಿಟ್ಟಿದ್ದ ಬಳೆಗಳು ಸದ್ದು ಮಾಡಿದವು.

ಸುಂದ್ರವ್ವ ತಿರುಗಿ ನೋಡಿದಳು. ಮಾವನೂ ನೋಡಿದರು. ಅವರ ಬೆರಳು ಇಳಿಯಲಿಲ್ಲ. ಕ್ಯಾಸೆಟ್ಟು ತಿರುಗುತ್ತಿತ್ತು.

“ಮಾವ, ಆ ಕಾಗದಕ್ಕೆ ಸಹಿ ಹಾಕಿಕೊಡಿ. ನಾನೂ ಓದ್ತೀನಿ.”